ಮೇಯಿಸಬಹುದು, ಆದರೆ ಯಾವಾಗ?

ನಾಗಮಂಗಲ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ನಾಲ್ಕು ಎಕರೆ ಬೀಳು ಜಮೀನಿನಲ್ಲಿ ಹಿಂದೆ ಕಡಿದ ಮರಗಳ ಬೊಡ್ಡೆಗಳು ಚಿಗುರುತ್ತಿವೆಯಂತೆ. ಮನೆಯಲ್ಲಿ ಎರಡು ಹಳ್ಳಿಕಾರ್ ಹಸು, ಇಪ್ಪತ್ತು ಬಂಡೂರು ಕುರಿ. ‘ಕಾಡಾಗಲು ಬಿಡಿ, ಕಾರ್ಬನ್ ದುಡ್ಡು ಬರುತ್ತೆ, ದನ ಮಾತ್ರ ಬಿಡಬೇಡಿ’ ಎಂದು ಯಾರೋ ಹೇಳಿದರಂತೆ. (ಮರ ಗಾಳಿಯಿಂದ ಹೀರಿಟ್ಟುಕೊಂಡ ಇಂಗಾಲಕ್ಕೆ, ಅಂದರೆ ಕಾರ್ಬನ್ನಿಗೆ, ಸಿಗುವ ಹಣವೇ ಈ ಕಾರ್ಬನ್ ದುಡ್ಡು.) ಕಾಡು, ದನ ಎರಡೂ ಇರಬಾರದೇ ಎಂದು ಕೇಳಿದ್ದಾರೆ.

ಇರಬಹುದು ಸ್ವಾಮಿ. ಮೊದಲು ಚಿಗುರು, ಆಮೇಲೆ ದನ.

ದಿಂಡಿಗ, ಮುತ್ತುಗ, ಚುಜ್ಜಲು ಇವಕ್ಕೆಲ್ಲ ಹಳೆಯ ಬೇರು ನೆಲದೊಳಗೇ ಇರುತ್ತೆ. ಹಾಗಾಗಿ ನರ್ಸರಿ ಸಸಿಗಿಂತ ಬೇಗ ಏಳುತ್ತವೆ. ಬೊಡ್ಡೆಗೆ ಎರಡು-ಮೂರು ಗಟ್ಟಿ ಚಿಗುರು ಉಳಿಸಿ, ಮಿಕ್ಕಿದ್ದು ಸವರಿ. ಆಫ್ರಿಕಾದ ನೈಜರ್ ದೇಶದ ರೈತರು 1980ರ ದಶಕದಿಂದ ಹೀಗೆ ಮಾಡಿಯೇ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಎಬ್ಬಿಸಿದರು.

ತುದಿ ಹಸುವಿನ ಬಾಯಿಗೆ ಎಟುಕದಷ್ಟು ಮೇಲೆ ಹೋಗುವ ತನಕ ಹುಲ್ಲು ಕೊಯ್ದು ತಂದು ಹಾಕಿ. ಆಮೇಲೆ ದನ ಬಿಡಿ. ಬಿಟ್ಟರೇ ಒಳ್ಳೆಯದು ಅನ್ನುತ್ತೇನೆ. ಮೇಯದೆ ಉಳಿದ ಹುಲ್ಲು ಶಿವರಾತ್ರಿ ಹೊತ್ತಿಗೆ ಒಣಗಿ ನಿಂತಿರುತ್ತೆ. ಯಾರೋ ಎಸೆದ ಬೀಡಿ ತುಂಡು ಸಾಕು, ಹತ್ತು ವರ್ಷದ ಕಾರ್ಬನ್ ಒಂದೇ ಮಧ್ಯಾಹ್ನ ಹೊಗೆ. ಹುಲ್ಲು ಬೀಜ ಉದುರಿಸಿದ ಮೇಲೆ, ಬೇಸಿಗೆಗೆ ಮುಂಚೆ ಮೇಯಿಸಿದರೆ ಉರಿಯುವುದಕ್ಕೆ ಏನೂ ಜಾಸ್ತಿ ಉಳಿಯುವುದಿಲ್ಲ. ನೆರಳು ದಟ್ಟವಾದಂತೆ ಹುಲ್ಲು ಕಡಿಮೆಯಾಗುತ್ತೆ, ಅದನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ದುಡ್ಡಿನ ವಿಷಯ. ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕಾರ್ಬನ್. ಅಂದರೆ ಒಂದು ಟನ್ ಕಟ್ಟಿಗೆ ಗಾಳಿಯಿಂದ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಿದೆ. ಇನ್ನೊಂದು ಕಡೆ ಹಸು, ಕುರಿ ತೇಗಿದಾಗ ಮೀಥೇನ್ ಬರುತ್ತೆ. ತೂಕಕ್ಕೆ ತೂಕ ನೋಡಿದರೆ, ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು. ಅದನ್ನು ಕಳೆಯದೆ ಲಾಭ ತೋರಿಸುವವರನ್ನು ನಾನಂತೂ ನಂಬುವುದಿಲ್ಲ. ನಾಲ್ಕು ಎಕರೆಯೊಂದನ್ನೇ ಅಳೆದು ಪರಿಶೀಲಿಸುವ ಖರ್ಚಿಗೇ ಬಂದ ಹಣ ಹೋದೀತು. ಹತ್ತಾರು ರೈತರು ಒಟ್ಟಾದರೆ ಮಾತು ಬೇರೆ. ಆಗಲೂ ಎಷ್ಟು ವರ್ಷ ಮರ ಕಡಿಯಬಾರದು ಎಂಬ ಷರತ್ತನ್ನು ಓದಿಸಿಕೊಂಡೇ ಸಹಿ ಹಾಕಿ. ಸದ್ಯಕ್ಕೆ ಸೊಪ್ಪು, ಸೌದೆ, ನೆರಳೇ ನಿಮ್ಮ ಆದಾಯ.

ಪತ್ರದಲ್ಲಿ ಆಡಿನ ಸುದ್ದಿಯೇ ಇಲ್ಲ. ಕುರಿ ಹೆಚ್ಚಾಗಿ ಹುಲ್ಲು ನೋಡುತ್ತೆ. ಆದರೆ ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಹಿಂಗಾಲ ಮೇಲೆ ನಿಂತು ಎಟುಕಿಸಿಕೊಳ್ಳುತ್ತೆ. ಹಿಂಡಿನಲ್ಲಿ ಒಂದೆರಡು ಆಡೂ ಇದ್ದರೆ ಮುಂದಿನ ಪತ್ರದಲ್ಲಿ ಮುಚ್ಚಿಡದೆ ಬರೆಯಿರಿ.