ಉತ್ತರ ಸರಿಯಾಗಿ ಹೇಳಿದ ಸೀಮೋನ

ಪ್ರಶ್ನೆ: ನಾನು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಬೆಳೆದವಳು. ಈಗ ಸಂಡೆ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಯೇಸು ಹೇಳಿದ ಸಾಮ್ಯಕಥೆಗಳೂ ಆತನ ಅದ್ಭುತಗಳೂ ಬಾಯಿಪಾಠವಾಗಿವೆ. ಆದರೆ ಆತನನ್ನು ಪ್ರೀತಿಸುತ್ತೇನೆಂದು ಹಾಡುವಾಗ ಮನಸ್ಸು ಮಿಡಿಯುವುದಿಲ್ಲ. ತಿಳಿದಿರುವುದು ಪ್ರೀತಿಯಾಗುವುದು ಹೇಗೆ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಓದುತ್ತಿದ್ದಂತೆ ಲೂಕನ ಸುವಾರ್ತೆಯ 7ನೆಯ ಅಧ್ಯಾಯದ ಫರಿಸಾಯನಾದ, ಎಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಗಡದವನಾದ ಸೀಮೋನನು ನೆನಪಾದನು. ಅವನು ಯೇಸುವನ್ನು ಊಟಕ್ಕೆ ಕರೆದಿದ್ದ ದಿನ, ಊರಿನಲ್ಲಿ ಪಾಪಿಯೆಂದು ಹೆಸರಾಗಿದ್ದ ಹೆಂಗಸೊಬ್ಬಳು ಒಳಗೆ ಬಂದು, ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ನೆನೆಸಿ, ತಲೆಗೂದಲಿನಿಂದ ಒರಸಿ, ಸುಗಂಧತೈಲವನ್ನು ಹಚ್ಚಿದಳು. ಸೀಮೋನನಿಗೆ ಅದು ಹಿಡಿಸಲಿಲ್ಲ. ಆಗ ಯೇಸು ಇಬ್ಬರು ಸಾಲಗಾರರ ಕಥೆಯನ್ನು ಹೇಳಿದನು. ಒಬ್ಬನ ಸಾಲ 500 ದೀನಾರ, ಇನ್ನೊಬ್ಬನದು 50. ಒಂದು ದೀನಾರವೆಂದರೆ ಕೂಲಿಯವನ ಒಂದು ದಿನದ ದುಡಿಮೆ. ತೀರಿಸಲು ಇಬ್ಬರಿಗೂ ಗತಿಯಿಲ್ಲದ್ದರಿಂದ ಸಾಲ ಕೊಟ್ಟವನು ಇಬ್ಬರ ಸಾಲವನ್ನೂ ಬಿಟ್ಟುಬಿಟ್ಟನು. ಅವನನ್ನು ಹೆಚ್ಚು ಪ್ರೀತಿಸುವವನು ಯಾರೆಂದು ಕೇಳಿದಾಗ, ಯಾರಿಗೆ ಹೆಚ್ಚು ಬಿಟ್ಟನೋ ಅವನೇ ಎಂದು ಸೀಮೋನನು ಹೇಳಿದನು. ಉತ್ತರ ಸರಿಯೆಂದು ಯೇಸುವೇ ಒಪ್ಪಿದನು. ಆದರೂ ಮನೆಗೆ ಬಂದ ಅತಿಥಿಯ ಕಾಲಿಗೆ ಆ ಸೀಮೋನನು ನೀರು ಸಹ ಕೊಟ್ಟಿರಲಿಲ್ಲ.

ಸೀಮೋನನಿಗೆ ತಿಳಿವಳಿಕೆ ಕಡಿಮೆಯಿರಲಿಲ್ಲ. ಆ ಕಥೆಯಲ್ಲಿ ತಾನೂ ಒಬ್ಬ ಸಾಲಗಾರನೆಂಬುದು ಮಾತ್ರ ಅವನಿಗೆ ಕಾಣಲಿಲ್ಲ. ಸಭೆಯ ನೆರಳಿನಲ್ಲಿಯೇ ಬೆಳೆದು, ಯಾವ ಕೆಟ್ಟ ಹೆಸರನ್ನೂ ಹೊರದ ನಮ್ಮಂಥವರಿಗೆ ಇದು ನಿಜವಾಗಿಯೂ ಕಷ್ಟ. ಆದರೆ 50 ದೀನಾರದ ಸಾಲಗಾರನ ಕೈಯೂ ಬರಿಗೈಯೇ ಆಗಿತ್ತೆಂಬುದನ್ನು ಗಮನಿಸಿ.

ಮೆಥೊಡಿಸ್ಟ್ ಪಂಥಕ್ಕೆ ಮೂಲರಾದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರು ಆಕ್ಸ್‌ಫರ್ಡ್‌ನಲ್ಲಿ ಓದಿ, ಗುರುದೀಕ್ಷೆ ಪಡೆದು, ಅಮೆರಿಕದ ಜಾರ್ಜಿಯಕ್ಕೆ ಸೇವೆಗಾಗಿ ಹೋಗಿ ಬಂದವರು. ಇಷ್ಟೆಲ್ಲ ಆದ ಮೇಲೆ, 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ, ಕ್ರಿಸ್ತನು ತಮ್ಮ ಪಾಪಗಳನ್ನೇ ತೆಗೆದುಹಾಕಿದ್ದಾನೆಂಬ ಭರವಸೆ ಅವರಿಗೆ ಉಂಟಾಗಿ ಹೃದಯವು ಬೆಚ್ಚಗಾಯಿತೆಂದು ದಿನಚರಿಯಲ್ಲಿ ಬರೆದುಕೊಂಡರು. ಲೋಕದ ಪಾಪವೆಂದು ಅವರೇ ಎಷ್ಟೋ ಸಲ ಬೋಧಿಸಿದ್ದ ಮಾತು ಆ ದಿನ ನನ್ನ ಪಾಪವೆಂದಾಯಿತು.

ಆದ್ದರಿಂದ ಹಾಡುವಾಗ ಭಾವನೆಯನ್ನು ಬಲವಂತವಾಗಿ ಎಬ್ಬಿಸಬೇಡಿ. ಕಲಿತದ್ದನ್ನು ವ್ಯರ್ಥವೆಂದೂ ಎಣಿಸಬೇಡಿ, ಏಕೆಂದರೆ ಅರಿಯದವನನ್ನು ಪ್ರೀತಿಸಲಾಗದು. ಕೆಲವು ವಾರ, ಪಾಠದ ತಯಾರಿಗಲ್ಲದೆ ನಿಮಗಾಗಿಯೇ, ಒಂದೇ ಸುವಾರ್ತೆಯನ್ನು ನಿಧಾನವಾಗಿ ಓದಿ. ಪಾಪದ ಅರಿಕೆಯನ್ನು ಎಲ್ಲರೊಡನೆ ಸಭೆಯಲ್ಲಿ ಹೇಳುವುದರ ಜೊತೆಗೆ ಮನೆಯಲ್ಲಿ ಒಬ್ಬರೇ ಕುಳಿತು, ಯಾರ ಮೇಲೆ ಸಿಟ್ಟು ಸಾಧಿಸುತ್ತಿದ್ದೀರಿ, ಯಾವ ಸುಳ್ಳನ್ನು ಮುಚ್ಚಿಟ್ಟಿದ್ದೀರಿ ಎಂಬುದನ್ನು ಹೆಸರಿಟ್ಟೇ ಆತನಿಗೆ ಹೇಳಿ. ಪ್ರೀತಿ ಹುಟ್ಟಲಿಲ್ಲವೆಂಬ ಈ ದುಃಖವನ್ನೂ ಆತನಿಗೇ ಹೇಳಿ. ಆ ಹೆಂಗಸು ಅಂದು ಒಂದು ಮಾತನ್ನೂ ಆಡಿದಂತೆ ಲೂಕನು ಬರೆದಿಲ್ಲ. ಅವಳು ಅತ್ತಳು, ಆತನು ಅವಳನ್ನು ತಡೆಯಲಿಲ್ಲ.