ಸುಪೀರಿಯರ್ ಆದ ಮೇಲೆ ದ್ಯಾನ್ ಯಾಕೆ ತಪ್ಪು?

ಇಂಗ್ಲಿಷ್ ಪರೀಕ್ಷೆಯ ಹೋಲಿಕೆಯ ಮೂರು ಪ್ರಶ್ನೆಗಳ ಬಗ್ಗೆ ಕೇಳಿದ್ದೀರಿ. ‘ಗಿಂತ’ ಅನ್ನಿಸಿದ ಕಡೆಯೆಲ್ಲ ದ್ಯಾನ್ (than) ಹಾಕಿದ್ದೀರಿ. ಸುಪೀರಿಯರ್ ಪ್ರಶ್ನೆಯಲ್ಲಿ ಮಾರ್ಕ್ಸ್ ಹೋಗಿದ್ದು ಅದಕ್ಕೇ ಇರಬೇಕು; ತಡಿಯಂಡಮೋಳ್ ಬೆಟ್ಟದ ಪ್ರಶ್ನೆಯಲ್ಲಿ ಹೋಲಿಕೆಯೇ ತಪ್ಪಿರಬೇಕು.

ಬಿಟ್ಟ ಜಾಗಕ್ಕೆ ಮೊದಲು ಅದರ ಹಿಂದಿನ ಪದ ನೋಡಿ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಇದ್ದರೆ ಕಣ್ಣು ಮುಚ್ಚಿ ಟು (to) ಹಾಕಿ. ಅವಕ್ಕೆ ಮೋರ್ ಕೂಡ ಸೇರಿಸಬೇಡಿ. ಪ್ರಿಫರ್‌ಗೂ ಟು: ‘ಐ ಪ್ರಿಫರ್ ಕಾಫಿ ಟು ಟೀ’. ಕೊಡಗಿನವರು ಇದನ್ನು ಮರೆಯೋದು ಕಷ್ಟ, ಅಲ್ವಾ?

ಆಮೇಲೆ ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆ ನೋಡಿ. ತಡಿಯಂಡಮೋಳ್ ಕೊಡಗಿನಲ್ಲೇ ಇದೆ. ‘ಹೈಯರ್ ದ್ಯಾನ್ ಎನಿ ಪೀಕ್ ಇನ್ ಕೊಡಗು’ ಅಂದರೆ ಅದು ತನಗಿಂತಲೂ ಎತ್ತರ ಅಂದ ಹಾಗಾಯ್ತು! ‘ಎನಿ ಅದರ್ (other) ಪೀಕ್’ ಆಗಬೇಕು. ಅದೇ ‘ದಿ ಹೈಯೆಸ್ಟ್ ಪೀಕ್’ ಅಂತಿದ್ದರೆ ‘ಅದರ್’ ಬೇಡ, ಮುಂದೆ ಜಾಗದ ಹೆಸರಿಗೆ ಇನ್ ಹಾಕಿ. ಇದೇ ಥರ, ‘ದಿ ಕ್ಲೈಮೇಟ್ ಆಫ್ ಮಡಿಕೇರಿ ಈಸ್ ಕೂಲರ್ ದ್ಯಾನ್ ಮೈಸೂರು’ ಅಂದರೆ ಹವೆಯನ್ನು ಊರಿಗೇ ಹೋಲಿಸಿದಂತೆ. ‘ದ್ಯಾನ್ ದಟ್ ಆಫ್ ಮೈಸೂರು’ ಸರಿ.

ನಿಮ್ಮ ಮೂರನೇ ಪ್ರಶ್ನೆ, ಡಿಫರೆಂಟ್, ಸ್ವಲ್ಪ ಗೊಂದಲದ್ದೇ. ಅಮೆರಿಕದಲ್ಲಿ ದ್ಯಾನ್, ಬ್ರಿಟನ್ನಿನಲ್ಲಿ ಟು ಕೂಡ ಬಳಸುತ್ತಾರೆ. ಆಯ್ಕೆಗಳಲ್ಲಿ ಫ್ರಮ್ ಇದ್ದರೆ ಸುಮ್ನೆ ಅದನ್ನೇ ಗುರುತು ಮಾಡಿ.