ಉಬುಂಟುವಿನಲ್ಲಿ ಸ್ಟೀಮ್: ಸ್ನ್ಯಾಪೋ, ಫ್ಲ್ಯಾಟ್‌ಪ್ಯಾಕೋ, ಡೆಬ್ಬೋ?

ಡೊಂಬಿವಲಿಯಲ್ಲಿ ಮನೆ, ಡೆಸ್ಕ್‌ಟಾಪ್‌ಗೆ ಹೊಸದಾಗಿ ಉಬುಂಟು 24.04 (ಲಿನಕ್ಸ್‌ನ ಒಂದು ಬಗೆ) ಹಾಕಿದ್ದೀರಿ, ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದೆ, ಆಟಗಳಿಗೆ ಅಂತಲೇ ಎರಡನೇ ಎಸ್‌ಎಸ್‌ಡಿ ಇದೆ. ಆಟಗಳನ್ನು ಕೊಂಡು ಆಡುವ ಆ್ಯಪ್ ಸ್ಟೀಮ್, ಡೆಬ್, ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್ ಅಂತ ಮೂರು ಪ್ಯಾಕೇಜ್ ರೂಪದಲ್ಲಿ ಸಿಗುತ್ತಿದೆ, ಯಾವುದು ಹಾಕಲಿ ಅಂತ ಕೇಳಿದ್ದೀರಿ, ಅಲ್ವಾ?

ಡೆಬ್ ಹಾಕಿ. ಸ್ಟೀಮ್‌ನ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ವಾಲ್ವ್ ಕಂಪನಿ ತಾನೇ ಕೊಡುವುದು ಅದೊಂದೇ. ಫ್ಲ್ಯಾಟ್‌ಪ್ಯಾಕ್ ನೋಡಿಕೊಳ್ಳುವವರು ಸ್ವಯಂಸೇವಕರು, ಸ್ನ್ಯಾಪ್ ಉಬುಂಟು ಮಾಡುವ ಕೆನಾನಿಕಲ್‌ನವರದ್ದು.

ನಾನು ಈ ಮಾತು ಹೇಳುವುದಕ್ಕೆ ಅರ್ಧ ದಿನದ ರಜೆ ಕಳೆದುಕೊಂಡಿದ್ದೇನೆ. ನಾನಿರುವುದು ಮುಲುಂಡ್‌ನಲ್ಲಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಕಾರ್ಡ್ ತಂದಿದ್ದೆ. ಸ್ಟೀಮ್ ಫ್ಲ್ಯಾಟ್‌ಪ್ಯಾಕ್ ಹಾಕಿದ್ದೆ. ಎರಡು ತಿಂಗಳು ಏನೂ ತಕರಾರಿಲ್ಲ. ಒಂದು ಶನಿವಾರ ಸಂಜೆ ಸಿಸ್ಟಮ್ ಅಪ್‌ಡೇಟ್ ಮಾಡಿ ಕಂಪ್ಯೂಟರ್ ಮತ್ತೆ ಚಾಲೂ ಮಾಡಿದರೆ, ಆಟ ಓಡುತ್ತಿಲ್ಲ, ತೆವಳುತ್ತಿದೆ. ಆಲ್ಬಮ್‌ನ ಫೋಟೋ ಒಂದೊಂದಾಗಿ ಮಗುಚಿದ ಹಾಗೆ ಚಿತ್ರ ಬದಲಾಗುತ್ತಿತ್ತು. ಅಂಗಡಿಯವನು ಸುಟ್ಟ ಕಾರ್ಡ್ ತಲೆಗೆ ಕಟ್ಟಿದ ಅಂದುಕೊಂಡೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ.

ಸೋಮವಾರ ಕಾರ್ಡ್ ಬಿಚ್ಚಿ, ಪೇಪರಿನಲ್ಲಿ ಸುತ್ತಿ, ದಾದರ್‌ನಲ್ಲಿ ಗಾಡಿ ಬದಲಿಸಿ, ಗ್ರಾಂಟ್ ರೋಡ್‌ನಲ್ಲಿ ಇಳಿದು ಅಂಗಡಿಗೆ ಹೋದೆ. ಅಲ್ಲಿನ ಹುಡುಗ ತನ್ನ ಮಷಿನ್‌ಗೆ ಹಾಕಿ ತೋರಿಸಿದ. ಫ್ಯಾನ್ ಗರ್ ಅಂತ ತಿರುಗಿತು, ಪರದೆ ಮೇಲೆ ಎಲ್ಲ ನೀರಿನ ಹಾಗೆ ಹರಿಯಿತು. ಚಹಾ ಕುಡಿಸಿ ಕಳಿಸಿದ.

ಆಗಿದ್ದು ಇಷ್ಟು. ಫ್ಲ್ಯಾಟ್‌ಪ್ಯಾಕ್ ಒಳಗಿನ ಸ್ಟೀಮ್ ನಿಮ್ಮ ಉಬುಂಟುವಿನ ಎನ್ವಿಡಿಯಾ ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಅನ್ನು ಪೂರ್ತಿ ಬಳಸುವುದಿಲ್ಲ. ಅದಕ್ಕೆ ಒಳಗೆ ತನ್ನದೇ ಒಂದು ಪ್ರತಿ ಬೇಕು, ಅದರ ನಂಬರ್ ಹೊರಗಿನ ಡ್ರೈವರ್ ನಂಬರ್‌ಗೆ ಸರಿಯಾಗಿ ಹೊಂದಬೇಕು. ನಾನು ಹೊರಗಿನದನ್ನು ಹೊಸದು ಮಾಡಿ ಒಳಗಿನದನ್ನು ಹಾಗೇ ಬಿಟ್ಟಿದ್ದೆ. ಕಾರ್ಡ್ ಸುಮ್ನೆ ಕೂತಿತ್ತು, ಚಿತ್ರ ಬರೆಯುವ ಕೆಲಸವೆಲ್ಲ ಪಾಪ ಪ್ರೊಸೆಸರ್ ಮಾಡುತ್ತಿತ್ತು. ಫ್ಲ್ಯಾಟ್‌ಪ್ಯಾಕ್ ಅಪ್‌ಡೇಟ್ ಅಂತ ಒಂದು ಸಾಲು ಹೊಡೆದೆ, ಸರಿಹೋಯಿತು.

ಡೆಬ್‌ನಲ್ಲಿ ಈ ಎರಡು ಮನೆಯ ಕಾಟ ಇಲ್ಲ. ನಿಮ್ಮ ಎರಡನೇ ಎಸ್‌ಎಸ್‌ಡಿಗೂ ಅದೇ ಸುಲಭ. ಫ್ಲ್ಯಾಟ್‌ಪ್ಯಾಕ್ ಗೋಡೆ ಕಟ್ಟಿಕೊಂಡು ಕೂರುತ್ತದೆ. ಅನುಮತಿ ಇಲ್ಲದ ಫೋಲ್ಡರ್ ಅದರ ಕಣ್ಣಿಗೆ ಬೀಳುವುದಿಲ್ಲ, ಫ್ಲ್ಯಾಟ್‌ಸೀಲ್ ಅನ್ನುವ ಆ್ಯಪ್‌ನಲ್ಲಿ ದಾರಿ ಬಿಡಿಸಿ ಕೊಡಬೇಕಾಗುತ್ತದೆ.

ಸ್ನ್ಯಾಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2024ರ ಶುರುವಿನಲ್ಲಿ ವಾಲ್ವ್‌ಗಾಗಿ ಲಿನಕ್ಸ್ ಸ್ಟೀಮ್ ಮೇಲೆ ಕೆಲಸ ಮಾಡುವ ಎಂಜಿನಿಯರ್ ಒಬ್ಬರೇ, ಸ್ನ್ಯಾಪ್‌ನಿಂದ ದೂರುಗಳು ತುಂಬ ಬರುತ್ತಿವೆ, ಡೆಬ್ ಬಳಸಿ ಅಂತ ಬಹಿರಂಗವಾಗಿ ಬರೆದಿದ್ದರು. ತೊಂದರೆ ಏನೆಂದರೆ, ಉಬುಂಟುವಿನ ಆ್ಯಪ್ ಸೆಂಟರ್‌ನಲ್ಲಿ ಸ್ಟೀಮ್ ಅಂತ ಹುಡುಕಿದರೆ ಎದುರಿಗೆ ಬರುವುದು ಅದೇ. ಟರ್ಮಿನಲ್‌ನಲ್ಲಿ ಸ್ನ್ಯಾಪ್ ಲಿಸ್ಟ್ ಅಂತ ಹೊಡೆದು ನೋಡಿ. ಪಟ್ಟಿಯಲ್ಲಿ ಸ್ಟೀಮ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಒಂದೇ ಕಂಪ್ಯೂಟರಿನಲ್ಲಿ ಎರಡು ಸ್ಟೀಮ್ ಇದ್ದರೆ ಇಳಿಸಿದ ಆಟ ಎಲ್ಲಿ ಹೋಯಿತು ಅಂತ ಹುಡುಕುವುದೇ ಒಂದು ಆಟ ಆಗುತ್ತದೆ.

ಡೆಬ್ ಹಾಕುವಾಗ ಒಂದು ಕಡೆ ಮಾತ್ರ ಕಣ್ಣಿಟ್ಟಿರಿ. ಸ್ಟೀಮ್‌ಗೆ 32 ಬಿಟ್ ಲೈಬ್ರರಿಗಳು ಬೇಕು, ಅವೂ ಜೊತೆಗೆ ಬರುತ್ತವೆ, ಬರಲಿ. ಆದರೆ ತೆಗೆದುಹಾಕುವ ಪ್ಯಾಕೇಜ್‌ಗಳು ಅಂತ ಉದ್ದ ಪಟ್ಟಿ ಬಂದರೆ ಅಲ್ಲೇ ನಿಲ್ಲಿಸಿ. 2021ರಲ್ಲಿ ಒಬ್ಬ ದೊಡ್ಡ ಯೂಟ್ಯೂಬರ್ ಪಾಪ್ ಓಎಸ್ ಅನ್ನುವ ಇನ್ನೊಂದು ಲಿನಕ್ಸ್‌ನಲ್ಲಿ ಸ್ಟೀಮ್ ಹಾಕಲು ಹೋಗಿ, ಎಚ್ಚರಿಕೆ ಓದದೆ ಮುಂದುವರಿದು, ಇಡೀ ಡೆಸ್ಕ್‌ಟಾಪ್ ಅನ್ನೇ ಅಳಿಸಿಕೊಂಡಿದ್ದರು. ಲಕ್ಷಾಂತರ ಜನ ನೋಡಿ ನಕ್ಕರು. ನಾನೂ ನಕ್ಕಿದ್ದೆ, ಆಮೇಲೆ ನನ್ನ ಲ್ಯಾಮಿಂಗ್ಟನ್ ರೋಡ್ ಯಾತ್ರೆ ಆಯಿತು.

ಎಸ್‌ಎಸ್‌ಡಿ ಮೊದಲು ವಿಂಡೋಸ್‌ನಲ್ಲಿತ್ತಾ? ಹಾಗಿದ್ದರೆ ವಿಂಡೋಸ್‌ನ ಡಿಸ್ಕ್ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಆಗಿರುತ್ತದೆ. ಬೇಕಾದ ಫೈಲ್ ಬೇರೆ ಕಡೆ ಇಟ್ಟು, ಅದನ್ನು ಲಿನಕ್ಸ್‌ನ ಫಾರ್ಮ್ಯಾಟ್ ಎಕ್ಸ್ಟ್4ಗೆ ಫಾರ್ಮ್ಯಾಟ್ ಮಾಡಿ. ವಿಂಡೋಸ್ ಆಟಗಳನ್ನು ಓಡಿಸುವ ಪ್ರೋಟಾನ್, ಸಿ ಡ್ರೈವ್‌ಗೆ ಕೋಲನ್ ಚಿಹ್ನೆ ಇರುವ ಹೆಸರಿನಲ್ಲೇ ಒಂದು ಲಿಂಕ್ ಮಾಡಿಕೊಳ್ಳುತ್ತದೆ. ವಿಂಡೋಸ್‌ಗೆ ಫೈಲ್ ಹೆಸರಿನಲ್ಲಿ ಕೋಲನ್ ಆಗಿಬರುವುದಿಲ್ಲ. ಒಂದೇ ಡಿಸ್ಕನ್ನು ಎರಡೂ ಕಡೆ ಬಳಸಲು ಹೋದವರ ಜಗಳವೆಲ್ಲ ಹೆಚ್ಚಾಗಿ ಇಲ್ಲಿಂದಲೇ ಶುರು.

ಫ್ಲ್ಯಾಟ್‌ಪ್ಯಾಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಪಿಕ್, ಜಿಒಜಿ ಅನ್ನುವ ಬೇರೆ ಅಂಗಡಿಗಳ ಆಟಗಳಿಗೆ ಹೀರೋಯಿಕ್ ಅನ್ನುವ ಆ್ಯಪ್ ಬೇಕು ಅನಿಸಿದರೆ ಅದನ್ನು ಫ್ಲ್ಯಾಟ್‌ಪ್ಯಾಕ್‌ನಲ್ಲೇ ಹಾಕಿ, ನಾನೂ ಹಾಗೇ ಇಟ್ಟಿದ್ದೇನೆ. ಈಗ ಡ್ರೈವರ್ ಹೊಸದಾದ ದಿನವೇ ಅದನ್ನೂ ಹೊಸದು ಮಾಡುತ್ತೇನೆ.

ಕೊನೆಯಲ್ಲಿ ವ್ಯಾಲೊರಂಟ್ ಆಟದ ಬಗ್ಗೆಯೂ ಕೇಳಿದ್ದೀರಿ. ಅದು ಈ ಮೂರರಲ್ಲಿ ಯಾವುದರಲ್ಲೂ ಓಡುವುದಿಲ್ಲ. ಅದರ ಆ್ಯಂಟಿ-ಚೀಟ್, ಅಂದರೆ ಆಟದಲ್ಲಿ ಮೋಸ ತಡೆಯುವ ಸಾಫ್ಟ್‌ವೇರ್, ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲೇ ಕೂರಬೇಕು. ಅದೊಂದಕ್ಕೆ ಹಳೇ ವಿಂಡೋಸ್ ಪಾರ್ಟಿಷನ್ ಇದ್ದರೆ ಅಳಿಸಬೇಡಿ.